ನೀಲಿ ಪಟ್ಟಿ ಸುತ್ತಿದ ಕೊನೆ

"ಯಾರ್ರೀ ಇದು, ಪುಸ್ತಕಕ್ಕೆ ಪಿನ್ನು ಹೊಡೆದವರು?"

ಶಾಲೆಯ ಲೈಬ್ರರಿಯನ್ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಆರು ಕಥೆಪುಸ್ತಕ. ಆರರ ಕೊನೆಯ ಪುಟಗಳಿಗೂ ಸ್ಟೇಪ್ಲರ್ ಪಿನ್ನು!

"ನಾನೇ..." ಆರನೇ ಕ್ಲಾಸಿನ ಭಾಷಾ ಟೀಚರ್ ಎದ್ದು ನಿಂತಳು. "ಮಕ್ಕಳು ಮೊದಲು ಕೊನೇನೇ ನೋಡ್ಬಿಡ್ತಾರೆ ಸರ್. ಅರ್ಧಕ್ಕೆ ನಿಲ್ಲಿಸಿ, ಮುಂದೇನಾಗುತ್ತೆ ಅಂತ ಊಹಿಸೋದೇ ನಮ್ಮ ಪಾಠ."

"ಅದಕ್ಕೆ ಪುಸ್ತಕದ ಬಾಯಿ ಹೊಲೀಬೇಕಾ ಮೇಡಂ?"

ಎಲ್ಲರೂ ನಕ್ಕರು. ಅವಳ ಕಿವಿ ಕೆಂಪಾಯಿತು. ಅಬ್ಬಾ, ಎಂಥ ಸಿಡುಕಪ್ಪ!

ಮರುದಿನ ಅದೇ ಆರು ಪುಸ್ತಕಗಳು ಅವಳ ಮೇಜಿನ ಮೇಲಿದ್ದವು. ಪುಟ ಹರಿಯದಂತೆ ಲೈಬ್ರರಿಯನ್ ಒಂದೊಂದೇ ಪಿನ್ನು ಕಿತ್ತು, ಕೊನೆಯ ಪುಟಗಳಿಗೆ ನೀಲಿ ಕಾಗದದ ಪಟ್ಟಿ ಸುತ್ತಿದ್ದ.

ಆಮೇಲೆ ಪ್ರತಿ ಸೋಮವಾರ, ಕೇಳದೆಯೇ, ಪಟ್ಟಿ ಸುತ್ತಿದ ಪುಸ್ತಕಗಳು ಬರತೊಡಗಿದವು. ಸಂಜೆ ಅವಳು ಲೈಬ್ರರಿಗೆ ಹೋದರೆ ಕಿಟಕಿಯ ಬಳಿ ಒಂದು ಕುರ್ಚಿ, ಅದರ ಮೇಲೊಂದು ದಿಂಬು. ಬೆನ್ನು ನೋವೆಂದು ಅವಳು ಯಾವಾಗಲೋ ಒಮ್ಮೆ ಅಂದಿದ್ದಳು, ಅಷ್ಟೇ.

"ಇವತ್ತು ಏನು ಊಹಿಸಿದ್ರು ನಿಮ್ಮ ಪಂಡಿತರು?" ಎಂದು ಅವನು ಕೇಳುತ್ತಿದ್ದ. ಮಕ್ಕಳು ಕಥೆಯ ಸಾರಾಂಶ ಬರೆಯುವ ಐದು ಚೌಕದ ಹಾಳೆಯನ್ನೂ ಒಂದು ದಿನ ಕೇಳಿ ಇಸಿದುಕೊಂಡ.

ಆ ಹಾಳೆ ಮುಂದಿನ ಸೋಮವಾರ ಪುಸ್ತಕದೊಳಗೆ ಸಿಕ್ಕಿತು!

ಯಾರು? ಲೈಬ್ರರಿಯನ್.

ಏನು ಬೇಕಿತ್ತು? ದೊಡ್ಡ ಲೈಬ್ರರಿಗೆ ವರ್ಗ.

ಏನು ಅಡ್ಡ ಬಂತು? ಆರನೇ ಕ್ಲಾಸಿನ ಟೀಚರ್.

ಕೆಳಗಿನ ಎರಡು ಚೌಕಗಳನ್ನು ಮಡಚಿ ನೀಲಿ ಪಟ್ಟಿ ಸುತ್ತಿತ್ತು.

ನಾನು ಅಡ್ಡಾನಾ? ಅಷ್ಟು ಕಾಟ ಕೊಟ್ಟೆನಾ...?

ಪಟ್ಟಿಯ ಮೇಲೆ ಬೆರಳಿಟ್ಟಳು. ಬಿಚ್ಚಲಿಲ್ಲ. ಇಣುಕಬೇಡಿ ಎಂದು ಮಕ್ಕಳಿಗೆ ಹೇಳುವವಳು ತಾನೇ ಇಣುಕುವುದೇ? ಮೂರು ದಿನ ಲೈಬ್ರರಿಯ ಕಡೆ ತಲೆಹಾಕಲಿಲ್ಲ.

ಗುರುವಾರ ಹೆಡ್‌ಮಿಸ್ ಅಂದರು, "ಲೈಬ್ರರಿಯನ್‌ಗೆ ವರ್ಗದ ಆರ್ಡರ್ ಬಂತಂತೆ ಕಣಮ್ಮ."

ಅವಳು ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ನಡೆದಳು.

ಆ ದಿನದ ಕಥೆಯಲ್ಲಿ ಒಬ್ಬ ಹುಡುಗಿಗೆ ಹಡಗು ಹತ್ತುವ ಆಸೆ. ಅಡ್ಡ ಬಂದದ್ದು ಅವಳ ಕುಂಟು ನಾಯಿ.

"ಅವಳು ಹೋಗಲ್ಲ ಟೀಚರ್!" ಮುಂದಿನ ಬೆಂಚಿನ ಎರಡು ಜಡೆಯವಳು ಕೈ ಎತ್ತಿದಳು.

"ಸುಳಿವು ಎಲ್ಲಿದೆ?"

"ದಿನಾ ತನ್ನ ಊಟದಲ್ಲಿ ಅರ್ಧ ನಾಯಿಗೆ ಹಾಕ್ತಾಳಲ್ಲ! ಅಡ್ಡ ಬರೋರೆಲ್ಲ ಕೆಟ್ಟೋರೇ ಆಗ್ಬೇಕಾ? ಪ್ರೀತಿ ಇದ್ರೆ ಬಿಟ್ಟು ಹೋಗೋಕಾಗಲ್ಲ, ಅಲ್ವಾ ಟೀಚರ್?"

ಟೀಚರ್ ಕೈಯಲ್ಲಿದ್ದ ಸೀಮೆಸುಣ್ಣ ಜಾರಿತು.

ಗಂಟೆ ಹೊಡೆದದ್ದೇ ತಡ, ಹಾಳೆ ಹಿಡಿದು ಮೆಟ್ಟಿಲಿಳಿದು ಓಡಿದಳು.

ಅವನು ಪಟ್ಟಿ ಕತ್ತರಿಸುತ್ತಿದ್ದ. ಕಿಟಕಿಯ ಬಳಿಯ ಕುರ್ಚಿ ಅಲ್ಲೇ ಇತ್ತು.

"ನಾನು ಬಿಚ್ಚಿಲ್ಲ. ಊಹಿಸಿಕೊಂಡು ಬಂದಿದ್ದೀನಿ," ಎಂದಳು ಏದುಸಿರಿನಲ್ಲಿ.

"ಸುಳಿವು?"

"ಹೋಗೋರು ಮುಂದಿನ ವಾರಕ್ಕೆ ಪಟ್ಟಿ ಕತ್ತರಿಸ್ತಾರಾ? ದಿಂಬೂ ಇನ್ನೂ ಅಲ್ಲೇ ಇದೆ... ನೀವು ಹೋಗಲ್ಲ. ಅಲ್ವಾ?"

ಅವನು ಮೆಲ್ಲಗೆ ನಕ್ಕ. "ಬಿಚ್ಚಿ ನೋಡಿ."

ಅವಳು ಪಟ್ಟಿ ಬಿಚ್ಚಿದಳು. ನಾಲ್ಕನೇ ಚೌಕದಲ್ಲಿತ್ತು: ಆಗ ಏನು ಮಾಡಿದ? ಆರ್ಡರ್ ಬಂದರೂ ಬೇಡವೆಂದು ಬರೆದುಕೊಡುವುದೆಂದು ತೀರ್ಮಾನಿಸಿದ.

"ಇವತ್ತು ಬೆಳಿಗ್ಗೆ ಬರ್ಕೊಟ್ಟೂ ಆಯ್ತು," ಎಂದ. "ನೀವು ಮೂರು ದಿನ ಬರದೇ ಇದ್ದಾಗ ಅನ್ನಿಸ್ತು, ನನ್ನ ಊಹೆಯೇ ತಪ್ಪೇನೋ ಅಂತ."

"ನನ್ನನ್ನ ಅಡ್ಡ ಅಂತ ಬರೆದ್ರೆ ಯಾರು ಬರ್ತಾರೆ? ಕುಂಟು ನಾಯಿ ಥರ!"

"ಯಾವ ನಾಯಿ?"

"ಅದು ಬೇರೆ ಕಥೆ ಬಿಡಿ." ಅವಳ ಕಣ್ಣು ಒದ್ದೆಯಾಗಿತ್ತು, ನಗುವೂ ಬರುತ್ತಿತ್ತು. "ಆದ್ರೆ 'ಕೊನೆಗೆ ಏನಾಯಿತು' ಚೌಕ ಖಾಲಿ ಇದೆಯಲ್ಲ?"

"ಅದು ನನ್ನೊಬ್ಬನ ಕೈಲಿಲ್ಲ ಮೇಡಂ. ನೀವು ಒಪ್ಪಿದ್ರೆ..."

ಅವಳು ಅವನ ಮೇಜಿನ ಮೇಲಿನ ಪೆನ್ಸಿಲ್ ಎತ್ತಿಕೊಂಡು ಕುರ್ಚಿಯಲ್ಲಿ ಕೂತಳು. 'ಇಲ್ಲಿ ಪೆನ್ನು ಬಳಸಬಾರದು' ಎಂಬ ಫಲಕ ಅವನ ಕೈಬರಹದಲ್ಲೇ ತಲೆಯ ಮೇಲೆ ತೂಗುತ್ತಿತ್ತು.

"ಪೆನ್ಸಿಲ್ ಬೇಡ." ಅವನು ಜೇಬಿನಿಂದ ತನ್ನ ಪೆನ್ನು ತೆಗೆದುಕೊಟ್ಟ. "ಇದನ್ನ ಅಳಿಸೋ ಹಾಗಿರಬಾರದು."