ರಾಮದುರ್ಗಕ್ಕೆ ಹೊರಟ ಎರಡು ಸೀಸೆ

ಜುಲೈ 14, ಬೆಳಿಗ್ಗೆ 10.40. ಬೈಲಹೊಂಗಲದ ಖಾಸಗಿ ಮಕ್ಕಳ ಆಸ್ಪತ್ರೆಯೊಂದರ ವೈದ್ಯೆ ಶೈಲಶ್ರೀ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಫ್ರಿಜ್‌ನಲ್ಲಿದ್ದ ಎರಡು ಸೀಸೆ ಔಷಧ ಕಳುವಾಗಿತ್ತು.

“ಎಂಥಾ ಔಷಧರಿ?” ಇನ್ಸ್‌ಪೆಕ್ಟರ್ ಅಂದಾನೆಪ್ಪ ಕೇಳಿದರು.

“ದಿನಾ ತುಂಬದs ಹುಟ್ಟಿದ ಕೂಸುಗಳ ಶ್ವಾಸಕೋಶ ಅರಳಾಕ ಕೊಡೂದ್ರಿ. ಚಚಡಿ ಊರಿನ ಕೂಸೊಂದು ಉಸಿರಾಟದ ಮಷಿನ್ ಮ್ಯಾಲೈತಿ. ಒಂದು ಡೋಸ್ ಆಗೇತಿ, ಸಂಜಿ ಆರಕ್ಕ ಇನ್ನೊಂದು ಕೊಡಬೇಕು.”

“ಬ್ಯಾರೆ ಕಡೆ ಸಿಗೂದಿಲ್ಲ?”

“ಬೆಳಗಾವಿಗೆ ಮಧ್ಯಾಹ್ನ ಬರತೈತಿ ಅಂತಾರ. ಬಂದ್ರ ಬಂತು.”

10.55ಕ್ಕೆ ಎಫ್‌ಐಆರ್ ದಾಖಲಾಯಿತು. 11.05ಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ. ಫ್ರಿಜ್‌ನ ಬೀಗ ಒಡೆದಿರಲಿಲ್ಲ. ಸೀಸೆಗಳ ಜೊತೆ ಐಸ್ ಪ್ಯಾಕೂ ಹೋಗಿತ್ತು.

“ಒಯ್ದವರಿಗೆ ಇದನ್ನ ತಂಪಿನ್ಯಾಗ ಇಡಬೇಕಂತ ಗೊತ್ತೈತಿ,” ಎಂದರು ಅಂದಾನೆಪ್ಪ. “ಕೀಲಿ ಯಾರ ಕಡೆ ಇರತೈತಿ?”

“ನನ್ನ ಕಡೆ, ನರ್ಸ್ ಮಹಾನಂದಾ ಕಡೆ. ಆಕಿ ಡ್ಯೂಟಿ ಮುಗಿಸಿ ಹತ್ತಕ್ಕ ಹೋದ್ಲು.”

“ಈ ಔಷಧ ಯಾರರೆ ಕೇಳಿದ್ರೇನು?”

“ನಿನ್ನೆ ರಾಮದುರ್ಗದ ಆಸ್ಪತ್ರಿಯಿಂದ ಸುರೇಬಾನದ ಕೂಸೊಂದಕ್ಕ ಕೇಳಿದ್ರು. ಆಗೂದಿಲ್ಲ ಅಂದೆ. ಫೋನ್ ಎತ್ತಿದಾಕಿ ಮಹಾನಂದಾನs.”

ಮಹಾನಂದಾಳ ಮೊಬೈಲ್ ಬಂದ್ ಆಗಿತ್ತು. ಅಂದಾನೆಪ್ಪ ಮಹಿಳಾ ಕಾನ್‌ಸ್ಟೆಬಲ್ ಅನ್ನಪೂರ್ಣಾರೊಡನೆ ಜೀಪು ಹತ್ತಿ ರಾಮದುರ್ಗದ ದಾರಿ ಹಿಡಿದರು. 12.20ಕ್ಕೆ ಸವದತ್ತಿ ಬಸ್ ನಿಲ್ದಾಣದಲ್ಲಿ ರಾಮದುರ್ಗದ ಬಸ್ಸಿಗೆ ಕಾಯುತ್ತಿದ್ದ ಆಕೆ ಸಿಕ್ಕಳು. ಮಡಿಲಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಐಸ್, ಐಸ್ ನಡುವೆ ಸೀಸೆಗಳು. ಪೊಲೀಸರನ್ನು ಕಂಡು ಆಕೆ ಓಡಲಿಲ್ಲ.

“ನನ್ನ ಹಿಡೀರಿ ಸಾಹೇಬ್ರ. ಇದನ್ನಷ್ಟ ಮುಟ್ಟಸ್ರಿ. ಆ ಕೂಸು ಸಂಜಿತನಕಾ ತಾಳೂದಿಲ್ಲ.”

ಅಂದಾನೆಪ್ಪ ವೈದ್ಯೆಗೆ ಫೋನ್ ಮಾಡಿದರು. “ಡಬ್ಬಿ ಸಿಕ್ಕೇತ್ರಿ. ಹಿಂದಕ್ಕ ತರಬೇಕೋ, ಮುಂದಕ್ಕ ಒಯ್ಯಬೇಕೋ? ನೀವs ಹೇಳ್ರಿ.”

ಶೈಲಶ್ರೀ ಐದು ನಿಮಿಷ ಸಮಯ ಕೇಳಿ, ರಾಮದುರ್ಗಕ್ಕೂ ಬೆಳಗಾವಿಗೂ ಮಾತಾಡಿ ಮರಳಿ ಕರೆ ಮಾಡಿದರು. “ಬೆಳಗಾವಿಗೆ ಮಾಲು ಬಂದೈತಿ, ನಮಗ ಕಳಸಾಕತ್ತಾರ. ನೀವು ಮುಂದ ಹೋಗ್ರಿ. ಲಗೂನ ಹೋಗ್ರಿ.”

1.15ಕ್ಕೆ ಜೀಪು ರಾಮದುರ್ಗ ಮುಟ್ಟಿತು. ಔಷಧ ಕೊಳವೆಯ ಮೂಲಕ ಕೂಸಿನ ಶ್ವಾಸಕೋಶಕ್ಕೆ ಇಳಿಯಿತು. ಎರಡು ಗಂಟೆಯ ಹೊತ್ತಿಗೆ ನೀಲಿಗಟ್ಟಿದ್ದ ತುಟಿಗೆ ಬಣ್ಣ ಬಂತು. ಹೊರಗೆ ನಿಂತಿದ್ದ ಅಪ್ಪ ಪರಸಪ್ಪ ಗೋಡೆಗೆ ಒರಗಿ ಕುಸಿದು ಕುಳಿತು ಗಟ್ಟಿಯಾಗಿ ಅತ್ತ. ಖಾಲಿ ಸೀಸೆಗಳನ್ನು ಜಪ್ತಿ ಮಾಡಲಾಯಿತು. 2.30ಕ್ಕೆ ಅನ್ನಪೂರ್ಣಾ ಮಹಾನಂದಾಳನ್ನು ಬಂಧಿಸಿದರು.

ಬೈಲಹೊಂಗಲ ಠಾಣೆಯಲ್ಲಿ ಆಕೆ ಚಹಾ ಮುಟ್ಟಲಿಲ್ಲ. “ಚಚಡಿ ಕೂಸಿಂದು ಏನಾತ್ರಿ?” ಎಂದು ಮೂರು ಸಲ ಕೇಳಿದಳು. 5.50ಕ್ಕೆ ವೈದ್ಯೆಯ ಫೋನ್ ಬಂತು: ಎರಡನೆಯ ಡೋಸ್ ಆಯಿತು, ಕೂಸು ಆರಾಮಿದೆ. ಆಗ ಆಕೆ ಆರಿಹೋಗಿದ್ದ ಚಹಾ ಎತ್ತಿ ಕುಡಿದಳು.

ಆಕೆಯ ಹೇಳಿಕೆಯನ್ನು ಅಂದಾನೆಪ್ಪ ತಾವೇ ಬರೆದುಕೊಂಡರು.

“ತಪ್ಪು ಮಾಡೇನ್ರಿ, ಇಲ್ಲ ಅನ್ನೂದಿಲ್ಲ. ನಿನ್ನೆ ಆ ಫೋನಿನ್ಯಾಗ ಅವರಪ್ಪನೂ ಮಾತಾಡಿ ಕೂಸಿನ ಹೆಸರು ಹೇಳಿದ್ರು, ಗೌರೀಶ ಅಂತ. ಹೆಸರು ಕೇಳಿದ ಮ್ಯಾಲ ಮನಿಗೆ ಹೋಗಿ ಮಲಗೂದು ನನ್ನ ಕಡಿಂದ ಆಗಲಿಲ್ರಿ.”