ರೆಕಾರ್ಡ್ ಇಲ್ಲದ ಹಾಡು

“ತಟ್ಟೆ ಮೇಲೆ ರೆಕಾರ್ಡೇ ಇಲ್ಲ, ರಮಾ. ಆದ್ರೂ ನಮ್ಮ ತಾರಾ ಹಾಡ್ತಾಳೆ.”

ಇಷ್ಟು ಹೇಳಿ ಪದ್ಮಾವತಿ, ನಾನು ಕೊಟ್ಟ ನೀರನ್ನು ಕುಡಿಯದೆ ಲೋಟ ಹಿಡಿದೇ ಕುಳಿತರು. ಅದು ೧೯೬೬ರ ಚಳಿಗಾಲ. ನಾನೂ ನನ್ನ ನಾದಿನಿ ರಮಾಮಣಿಯೂ ಬರೋಡಾದ ಅಲ್ಕಾಪುರಿ ಬಡಾವಣೆಯಲ್ಲಿದ್ದೆವು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದ ರಮಾಳ ಬಳಿಗೆ ಅಲ್ಲಿನ ಕನ್ನಡದವರು ಬಿಡಿಸಲಾಗದ ತೊಡಕುಗಳನ್ನೆಲ್ಲ ತರುತ್ತಿದ್ದರು.

ತಾರಾ ಪದ್ಮಾವತಿಯ ಮಗಳು. ಅಣ್ಣ ಅಚ್ಯುತನ ಮದುವೆಗೂ ಮುಂಚೆಯೇ ತೀರಿಕೊಂಡಿದ್ದಳು. ಅವಳ ದನಿ ಉಳಿದಿದ್ದದ್ದು ಮುಂಬಯಿಯಲ್ಲಿ ಕೆತ್ತಿಸಿದ ಒಂದೇ ಒಂದು ರೆಕಾರ್ಡಿನಲ್ಲಿ. ಮೆತ್ತನೆಯ ಮೈಯ ಆ ರೆಕಾರ್ಡು ನುಡಿಸಿದಷ್ಟೂ ಸವೆಯುವಂಥದ್ದು; ಅಚ್ಯುತನ ಮದುವೆಯಾದ ಮೇಲೆ ಮನೆಯಲ್ಲಿ ಅದನ್ನು ನುಡಿಸಿಯೇ ಇರಲಿಲ್ಲ. ಅದಕ್ಕೇ ರೈಲ್ವೆ ಸಿಗ್ನಲ್ ಇಂಜಿನಿಯರ್ ಅಚ್ಯುತ, ಹಗುರ ಮುಳ್ಳಿನ ಪಿಕಪ್ ತರಿಸಿ, ಅದರ ಸಣ್ಣ ದನಿಯನ್ನು ಹಿಗ್ಗಿಸುವ ಪ್ರಿಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟುತ್ತಿದ್ದ. ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ರೆಕಾರ್ಡು ಮಾಯವಾಗಿತ್ತು.

“ಅಚ್ಯುತನಿಗೆ ಸ್ನೇಹಿತ ಮಾಧವನ ಮೇಲೇ ಅನುಮಾನ. ಕದ್ದೋರು ಯಾರಾದ್ರೇನು? ನನಗೆ ಅವಳ ದನಿ ಬೇಕು.”

ಸಂಜೆ ಅವರ ಮನೆಗೆ ಹೋದೆವು. ಸ್ಪೀಕರ್ ಇದ್ದದ್ದು ಪದ್ಮಾವತಿಯ ಕೋಣೆಯಲ್ಲಿ. ಉಳಿದ ಸಲಕರಣೆಯೆಲ್ಲ ಅಂಗಳದಾಚೆಯ ಉಗ್ರಾಣದಲ್ಲಿ, ಪಕ್ಕದ ಅಡುಗೆಮನೆಗೂ ಅದಕ್ಕೂ ನಡುವಿನ ಹಲಗೆಗೋಡೆಗೆ ಹೊಡೆದ ಮಣೆಯ ಮೇಲೆ. ಗುರುಗುಟ್ಟುವ ಸದ್ದು ಎಷ್ಟಿದೆಯೆಂದು ನೋಡಲು ಅಚ್ಯುತ ಸಂಜೆಯೆಲ್ಲ ಅದನ್ನು ಹಚ್ಚಿಟ್ಟಿರುತ್ತಿದ್ದ.

“ಯಾವ ಸರ್ಕ್ಯೂಟ್ ಆರಿಸಿದೆ?” ಎಂದಳು ರಮಾ.

“ಗಾಜಿನ ವಾಲ್ವಿನದು, ಟೀಚರ್. ದನಿ ತುಂಬಿ ಬರುತ್ತೆ. ಮಾಧವನ ಟ್ರಾನ್ಸಿಸ್ಟರಿನದು ಬರೀ ಸುಯ್ ಅನ್ನುತ್ತೆ.”

“ಸುಯ್ ಅಂದ್ರೂ, ಅದಿದ್ದ ಎರಡು ವಾರ ದೆವ್ವ ಸುಳೀಲಿಲ್ಲವಲ್ಲ,” ಎಂದ ಅಲ್ಲೇ ಕೂತಿದ್ದ ಮಾಧವ. “ಇದಕ್ಕಿಂತ ನಿಮ್ಮ ಸೂರತ್ ತವರಿನ ಕೀಲಿ ಗ್ರಾಮಫೋನೇ ವಾಸಿ, ಭಾಭಿ. ದೀಪಾವಳಿಗೆ ಹೋದಾಗ ಎತ್ಕೊಂಡು ಬರಬಾರದಿತ್ತೇ?”

ಚಹಾ ಕೊಡುತ್ತಿದ್ದ ಅಚ್ಯುತನ ಗುಜರಾತಿ ಹೆಂಡತಿ ಊರ್ಮಿಳಾ, ಮಾಧವನ ಲೋಟಕ್ಕೆ ಎರಡನೇ ಸಲ ಸಕ್ಕರೆ ಹಾಕಿದಳು. ನನಗೆ ಚಳಿಯಾಗುತ್ತಿದ್ದುದನ್ನು ಕಂಡು ತನ್ನ ಶಾಲನ್ನೇ ಹೊದಿಸಿ ಒಳಗೆ ಹೋದಳು. ಅತ್ತೆಗೆ ಒಗ್ಗರಣೆಯ ಘಾಟು ಆಗದೆಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಳು.

ಪದ್ಮಾವತಿಯ ಕೋಣೆಯಲ್ಲಿ ಕತ್ತಲಾಗುತ್ತಿತ್ತು. ಇಂಗಿನ ವಾಸನೆ ಹಾಯ್ದು ಬಂತು. ಆಗ ಸ್ಪೀಕರಿನಿಂದ, ಬಾವಿಯ ತಳದಿಂದೆಂಬಂತೆ, ಹೆಣ್ಣು ದನಿಯ ಜೋಗುಳ ಕೇಳಿತು. ಸಾಲಿನ ನಡುವೆ ಒಂದು ಸಣ್ಣ ಕೆಮ್ಮು, ಮತ್ತೆ ಹಾಡು.

“ಅಲ್ಲೇ! ಅಲ್ಲೇ ಕೆಮ್ಮಿದ್ದಳು ತಾರಾ,” ಎಂದು ಪದ್ಮಾವತಿ ನನ್ನ ಕೈ ಹಿಡಿದುಕೊಂಡರು. ರಮಾ ಮಾತ್ರ ಎದ್ದು ಅಂಗಳಕ್ಕೆ ನಡೆದಳು.

ಮರುದಿನ ಸಂಜೆ ರಮಾ ಎಲ್ಲರನ್ನೂ ಅದೇ ಕೋಣೆಯಲ್ಲಿ ಕೂರಿಸಿ, ತಾನೊಬ್ಬಳೇ ಅಡುಗೆಮನೆಗೆ ಹೋದಳು. ಸ್ಪೀಕರಿನಲ್ಲಿ ‘ಟಣ್, ಟಣ್’ ಎಂದಿತು. ಅಚ್ಯುತ ಹೋಗಿ ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ಜೋಡಿಸಿ ಬಂದ. ಈಗ ಸುಯ್ ಬಿಟ್ಟರೆ ಬೇರೇನೂ ಇಲ್ಲ.

“ಎರಡು ಸಲವೂ ಹಲಗೆಗೋಡೆಗೆ ತಟ್ಟಿದೆ,” ಎನ್ನುತ್ತ ರಮಾ ಮರಳಿದಳು. “ಒಳಗಿನ ತಂತಿ ಸಡಿಲಾದ ವಾಲ್ವು ಮೈಕಿನ ಹಾಗೆ ಕೇಳಿಸಿಕೊಳ್ಳುತ್ತೆ. ಟ್ರಾನ್ಸಿಸ್ಟರಿಗೆ ಕಿವಿಯಿಲ್ಲ. ಅದಕ್ಕೇ ಆಗ ದೆವ್ವ ಬರಲಿಲ್ಲ. ನಿನ್ನೆ ಹಾಡು ಕೇಳಿದ್ದು ಒಗ್ಗರಣೆ ಹೊತ್ತಿಗೆ. ಹೋಗಿ ಬಾಗಿಲಿಗೆ ಕಿವಿಗೊಟ್ಟೆ. ಅದೇ ಹಾಡು ಒಳಗೆ. ಆದರೆ ಆ ಕೆಮ್ಮು? ಅದು ಇದ್ದದ್ದು ರೆಕಾರ್ಡಿನಲ್ಲಿ ಮಾತ್ರ. ಅದನ್ನು ಸೂರತ್ತಿನಲ್ಲಿ ಕೇಳಿದೆಯಲ್ಲವೇ, ಊರ್ಮಿಳಾ?”

ಊರ್ಮಿಳಾ ಎದ್ದು ಹೋಗಿ, ಬಾಜ್ರಾ ಹಿಟ್ಟಿನ ಡಬ್ಬಿಯಿಂದ ರೆಕಾರ್ಡು ತಂದು ಅತ್ತೆಯ ಮಡಿಲಲ್ಲಿಟ್ಟಳು.

“ಕಲಿತು ನಿಮಗೆ ಹಾಡ್ಬೇಕು ಅಂತ ಒಯ್ದೆ, ಅತ್ತೆ. ಆ ಗ್ರಾಮಫೋನಿಗೆ ಉಕ್ಕಿನ ಮುಳ್ಳು. ದನಿ ಸಣ್ಣ ಆಯ್ತು, ಇನ್ನೂ ಸಣ್ಣ ಆಯ್ತು, ಆಮೇಲೆ ಬರೀ ಸರಸರ. ಹೇಳೋಕೆ ಹೆದರಿಕೆ ಆಯ್ತು. ನನಗೆ ಕನ್ನಡ ಪೂರಾ ಬರಲ್ಲ. ಕೇಳಿದ ಹಾಗೇ ಕಲಿತೆ. ಕೆಮ್ಮು ಕೂಡ ಹಾಡೇ ಅಂದ್ಕೊಂಡೆ.”

ಪದ್ಮಾವತಿ ಹಿಟ್ಟು ಮೆತ್ತಿದ ರೆಕಾರ್ಡನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. ಅಚ್ಯುತ ತಲೆ ತಗ್ಗಿಸಿ ಮಾಧವನ ಭುಜದ ಮೇಲೆ ಕೈಯಿಟ್ಟ. ಮಾಧವ ಆ ಕೈಯನ್ನು ಸುಮ್ಮನೆ ತಟ್ಟಿದ.

“ಆ ಕೆಟ್ಟ ವಾಲ್ವನ್ನ ಬಿಸಾಕ್ತೀನಿ, ಅಮ್ಮ. ಇವನ ಸರ್ಕ್ಯೂಟೇ ಇರಲಿ,” ಎಂದ ಅಚ್ಯುತ.

“ಬೇಡಪ್ಪ. ಅದನ್ನೇ ಮತ್ತೆ ಹಾಕು.” ಪದ್ಮಾವತಿ ಸೊಸೆಯ ಕಡೆ ತಿರುಗಿದರು. “ಹೋಗು, ಒಗ್ಗರಣೆಗೆ ಹೊತ್ತಾಯ್ತು. ಹಾಡ್ಕೋ. ಕೆಮ್ಮು ಬಿಡಬೇಡ.”