ಇಸ್ತ್ರಿ ಹಾಕದ ಮುಖ

"ಥೂ! ಏನಿದು ಅಸಹ್ಯ!"

ಕಿಟಕಿಯ ಬೆಳಕಿಗೆ ಹಿಡಿದಿದ್ದ ಲೆನ್ಸನ್ನು ಅವಳು ಸರ್ರನೆ ಕೆಳಗಿಳಿಸಿದಳು. ಗಾಜಿನೊಳಗೆ ಬೂಷ್ಟು! ಜೇಡ ಬಲೆ ನೇಯ್ದಂತೆ ಬಿಳಿ ಎಳೆಗಳು ಅಂಚಿನಿಂದ ನಡುವಿಗೆ ಹಬ್ಬಿದ್ದವು. 

ತಲೆಯೆತ್ತಿದಾಗ ಮೇಜಿನಾಚೆ, ಹಳೆಯ ಲೆನ್ಸುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯವನು ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದ. ಅವನ ಎಡಗೆನ್ನೆಯಿಂದ ಕತ್ತಿನವರೆಗೆ ಹಳೆಯ ಸುಟ್ಟ ಕಲೆ. ಅದು ಅವಳ ಕಣ್ಣಿಗೆ ಬಿದ್ದದ್ದೇ ಆಗ.

"ತೇವದಲ್ಲಿ ಇಟ್ಟು ಹಾಳು ಮಾಡಿದ್ದಾರೆ," ಎಂದ, ಗೋಡೆಗೆ ಹೇಳುವವನಂತೆ. "ಬೇರೆ ತೋರಿಸ್ತೀನಿ. ಯಾವ ಕೆಲಸಕ್ಕೆ?"

"ಮುಖ ತೆಗೆಯೋಕೆ. ಡಿಜಿಟಲ್ ಕ್ಯಾಮೆರಾ. ಕಮ್ಮಿ ಬೆಳಕಲ್ಲೂ ಆಗಬೇಕು. ಫೋಕಸ್ ಮಾತ್ರ ನಾನೇ ಕೈಯಲ್ಲಿ ತಿರುಗಿಸಬೇಕು."

"ತಾನೇ ಫೋಕಸ್ ಮಾಡೋ ಲೆನ್ಸುಗಳು ಬೇಕಾದಷ್ಟಿವೆಯಲ್ಲ?"

"ಯಾರ ಮುಖದಲ್ಲಿ ಏನು ನೋಡಬೇಕು ಅಂತ ಯಂತ್ರ ಹೇಳೋದು ನನಗೆ ಸಾಕಾಗಿದೆ!"

ಸಾಕಾಗಿದ್ದು ಅದೊಂದೇ ಅಲ್ಲ. ಸೋದರಮಾವನ ಸ್ಟುಡಿಯೋದಲ್ಲಿ ಆರು ವರ್ಷದಿಂದ ಅವಳು ಮಾಡುತ್ತಿದ್ದುದು ಒಂದೇ ಕೆಲಸ. ಕಂಪ್ಯೂಟರಿನ ಮುಂದೆ ಕುಳಿತು ಗಿರಾಕಿಗಳ ಮುಖ ಉಜ್ಜುವುದು. ಮಚ್ಚೆ ಅಳಿಸು, ಸುಕ್ಕು ಅಳಿಸು, ಮೇಲೊಂದು ಬಿಳುಪು ಬಳಿ... ಸಂಜೆಯ ಹೊತ್ತಿಗೆ ಎಲ್ಲ ಮುಖಗಳೂ ಸುಣ್ಣ ಹೊಡೆದ ಕುಂಬಳಕಾಯಿಗಳು! ಅದಕ್ಕೇ ಸ್ಟುಡಿಯೋದಲ್ಲಿ ಅವಳಿಗೆ 'ಇಸ್ತ್ರಿ' ಎಂದೇ ಹೆಸರು. ಆ ಹೆಸರು ಹೇಸಿಗೆ. ಸಾವಿರ ತಲೆಗಳ ಎಣ್ಣೆ ಕುಡಿದು ಕಪ್ಪಾದ ಗಿರಾಕಿ ಕುರ್ಚಿ ಹೇಸಿಗೆ. ಪೆನ್ನಿನ ಮುಚ್ಚಳದಲ್ಲಿ ಹಲ್ಲು ಕೆದಕುತ್ತಾ, "ಆ ಕೆನ್ನೆ ಇನ್ನೊಂಚೂರು ಉಜ್ಜೇ" ಎನ್ನುವ ಮಾವ ಇನ್ನೂ ಹೇಸಿಗೆ.

ಕಡೆಗೊಂದು ದಿನ ಅವಳು ಜಗಳಕ್ಕೇ ನಿಂತಿದ್ದಳು. ಮಾವ ಪಣ ಕಟ್ಟಿದ್ದ.

"ಶನಿವಾರ ನಮ್ಮೂರ ಆಸ್ಪತ್ರೆ ನರ್ಸಮ್ಮನ ನಿವೃತ್ತಿ. ವಾರ್ಡಿನ ಗೋಡೆಗೆ ಅವರ ಫೋಟೋ ಬೇಕಂತೆ. ನೀನೇ ತೆಗಿ, ಇಸ್ತ್ರಿ ಇಲ್ಲದೆ. ಅವರು ಒಪ್ಪಿದ್ರೆ ಇನ್ಮೇಲೆ ಕ್ಯಾಮೆರಾ ನಿಂದು. ಒಪ್ಪದಿದ್ರೆ ಬಾಯಿ ಮುಚ್ಕೊಂಡು ಉಜ್ಜೋದು. ಆಯ್ತಾ?"

"ಆಯ್ತು ಮಾವ!"

ಅದಕ್ಕೆಂದೇ ಅವಳು ಈ ಅಂಗಡಿಗೆ ಬಂದದ್ದು.

ಅವನು ತೋರಿಸಿದ ಎರಡನೆಯ ಲೆನ್ಸಿನ ಫೋಕಸ್ ಉಂಗುರ ಹಟಮಾರಿ ಕತ್ತೆಯಂತೆ ತಿರುಗಲೊಲ್ಲದು. ಮೂರನೆಯದು ಕಲ್ಲುಭಾರ, ಬೆಳಕಿನ ಬಾಯಿ ಪೂರ್ತಿ ತೆರೆದರೆ ಚಿತ್ರದ ಮೇಲೆಲ್ಲ ಹೊಗೆ ಕವಿದಂತೆ. ನಾಲ್ಕನೆಯದು ಎಂಬತ್ತೈದು ಮಿಲಿಮೀಟರಿನದು, ಬೆಳಕಿಗೆ ಬಾಯಿ ಅಗಲವಾಗಿ ತೆರೆಯುವಂಥದ್ದು. ಉಂಗುರಕ್ಕೆ ಬೆರಳಿಟ್ಟಳು... ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ!

"ಇದು ಬೇಕು," ಎಂದಳು ಮೆಲ್ಲನೆ.

"ಪೂರ್ತಿ ತೆರೆದಾಗ ಫೋಕಸ್ಸು ಅಕ್ಕಿಕಾಳಿನಷ್ಟೇ ದಪ್ಪ. ರೆಪ್ಪೆ ಸಿಕ್ಕರೆ ಕಿವಿ ಸಿಗಲ್ಲ. ಪರೀಕ್ಷೆ ಮಾಡಿ."

ಗೋಡೆಯ ಮೇಲೆ ಅವನ ತಂದೆಯ ಕಾಲದ ಫಲಕವಿತ್ತು: 'ಕೊಳ್ಳುವ ಮುನ್ನ ಅಂಗಡಿಯವನ ಕಣ್ಣಿಗೆ ಫೋಕಸ್ ಮಾಡಿ ನೋಡಿ.' ಅವಳಿಗಿಂತ ಮುಂಚೆ ಬಂದ ಗಿರಾಕಿಯ ಎದುರು ಅವನೇ ಸ್ಟೂಲಿನ ಮೇಲೆ ಕುಳಿತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಈಗ ಮಾತ್ರ ಅವನು ಕಪಾಟಿನಿಂದ ಒಂದು ಪ್ಲಾಸ್ಟರ್ ತಲೆ ತಂದು ಸ್ಟೂಲಿನ ಮೇಲಿಟ್ಟ. ಅದರ ಮೂಗಿನ ಮೇಲೆ ವರ್ಷಗಳ ಬೆರಳ ಕೊಳೆ ಜಿಡ್ಡಾಗಿ ಹೊಳೆಯುತ್ತಿತ್ತು.

"ನೀವು ಕೂರಲ್ವಾ?"

"ಇದು ಅಲ್ಲಾಡಲ್ಲ. ನಿಮಗೆ ಇದೇ ವಾಸಿ."

'ನನಗೆ ಇದೇ ವಾಸಿಯಾ? ಎಲ್ಲರಿಗೂ ಅವನ ಕಣ್ಣು, ನನಗೆ ಈ ಕೊಳಕು ಮೂಗು!' ಅವಳ ಮೈ ಉರಿಯಿತು.

ಜೊತೆಗೆ ತಂದಿದ್ದ ಸ್ಟುಡಿಯೋ ಕ್ಯಾಮೆರಾಕ್ಕೆ ಲೆನ್ಸು ಹಾಕಿ, ಹಿಂಬದಿಯ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಳು. ಪ್ಲಾಸ್ಟರಿನ ಕಣ್ಣು ಕತ್ತರಿಸಿಟ್ಟಷ್ಟು ಸ್ಪಷ್ಟ.

"ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ತೆಗೆಯೋದಾದ್ರೆ ಅದರೊಳಗಿನ ಫೋಕಸ್ ಗಾಜು ಬದಲಿಸ್ಬೇಕು," ಎಂದ. "ಚಿತ್ರ ಎರಡು ಹೋಳಾಗಿ ಕಾಣುತ್ತೆ, ಫೋಕಸ್ ಸಿಕ್ಕಿದಾಗ ಹೋಳುಗಳು ಕೂಡ್ಕೊಳ್ಳುತ್ತೆ. ಹತ್ತು ನಿಮಿಷ ಕೊಡಿ, ಹಾಕ್ಕೊಡ್ತೀನಿ."

"ಬೇಡ! ನನಗೂ ಕೈಯಿದೆ."

ದುಡ್ಡನ್ನು ಮೇಜಿನ ಮೇಲಿಟ್ಟು, ಗಾಜಿನ ಡಬ್ಬಿಯನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಅವಳು ಹೊರಟೇಬಿಟ್ಟಳು.

* * *

ಫೋಕಸ್ ಗಾಜನ್ನು ಅವಳು ತಾನೇ ಬದಲಿಸಿದ್ದಳು. ಶನಿವಾರ ಬೆಳಿಗ್ಗೆ ನರ್ಸಮ್ಮ ಬಂದು ಕುಳಿತರು. ಕಣ್ಣಿನ ಕೆಳಗೆ ರಾತ್ರಿ ಪಾಳಿಗಳು ಕೊರೆದ ಸುಕ್ಕುಗಳು, ತುಟಿಯ ಮೇಲೆ ಒಂದು ತುಂಟ ನಗು. ಕಿಂಡಿಯಲ್ಲಿ ಎರಡು ಹೋಳು ಕಣ್ಣು ಕೂಡಿಕೊಂಡಾಗಲೆಲ್ಲ ಅವಳು ಗುಂಡಿ ಒತ್ತಿದಳು. ಮೂವತ್ತು ಫೋಟೋ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದ! ನರ್ಸಮ್ಮ ಕೊನೆಯ ಪಾಳಿಗೆ ಓಡಿದರು.

ಅವಳು ಅವನ್ನು ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿದಳು.

ಮೂವತ್ತರಲ್ಲೂ ಕಿವಿ ಸ್ಪಷ್ಟ... ಕಣ್ಣು ಮಂಜು!

"ಆಹಾ! ಕಿವಿಯ ಕೂದಲು ಎಣಿಸಬಹುದು!" ಮಾವ ಪೆನ್ನಿನ ಮುಚ್ಚಳ ಬಾಯಿಂದ ತೆಗೆದು ನಕ್ಕ.

"ಲೆನ್ಸೇ ಸರಿಯಿಲ್ಲ ಮಾವ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಳಿ ಮುಗಿಸಿ ಸಂಜೆ ಐದಕ್ಕೆ ಫೋಟೋ ತಗೊಳ್ಳೋಕೆ ಬರ್ತಾರೆ. ಅಷ್ಟರೊಳಗೆ ಕಣ್ಣು ಹುಡುಕಿಡು, ಇಸ್ತ್ರಿ!"

* * *

ಅಂಗಡಿಯ ಮೇಜಿನ ಮೇಲೆ ಅವಳು ಕ್ಯಾಮೆರಾ ಕುಕ್ಕಿದಳು.

"ಬೇಕಂತಲೇ ಕೆಟ್ಟ ಲೆನ್ಸು ಕಟ್ಟಿದ್ರಿ ಅಲ್ವಾ? ಥೂ! ನಿಮ್ಮನ್ನ ನೋಡೋಕೂ ಅಸಹ್ಯ ಆಗುತ್ತೆ!"

ಅವನ ಕೈ ಗಾಳಿಯಲ್ಲೇ ನಿಂತಿತು.

"ಗೊತ್ತು," ಎಂದ ಶಾಂತವಾಗಿ. "ಮೊದಲನೇ ದಿನವೇ ಅಂದಿದ್ರಲ್ಲ. ಅದಕ್ಕೇ ಆ ಪ್ಲಾಸ್ಟರ್ ತಲೆ ಇಟ್ಟೆ. ಈ ಕೆನ್ನೆಯನ್ನ ದೊಡ್ಡದು ಮಾಡಿ ನೋಡೋ ಶಿಕ್ಷೆ ನಿಮಗ್ಯಾಕೆ ಅಂತ."

"ಯಾವ ಕೆನ್ನೆ? ಅವತ್ತು ನಾನು ಅಂದದ್ದು ಆ ಲೆನ್ಸಿನ ಬೂಷ್ಟಿಗೆ!"

ಅವನು ಮೊದಲ ಸಲ ಅವಳನ್ನು ನೇರ ನೋಡಿದ. ಅವಳು ಮನಸ್ಸಿನಲ್ಲೇ ಅಂದುಕೊಂಡಳು: 'ಅಯ್ಯೋ... ಇಷ್ಟು ದಿನ ಇದನ್ನ ಹೊತ್ತುಕೊಂಡಿದ್ರಾ?'

ಅವನು ಕ್ಯಾಮೆರಾ ಬಿಚ್ಚಿ ಒಳಗೆ ಬೆಳಕು ಹಾಯಿಸಿದ.

"ಡಬ್ಬಿಯಲ್ಲಿ ಗಾಜಿನ ಜೊತೆ ಹಿತ್ತಾಳೆಯದೊಂದು ತೆಳು ಚೌಕಟ್ಟು ಇತ್ತಲ್ಲ, ಕೂದಲೆಳೆಯಷ್ಟು ದಪ್ಪದ್ದು?"

"ಅದು... ಪ್ಯಾಕಿಂಗಿನ ಚೂರು ಅಂದ್ಕೊಂಡೆ..."

ಬ್ಯಾಗಿನಲ್ಲಿದ್ದ ಡಬ್ಬಿಯ ತಳಕ್ಕೆ ಅದಿನ್ನೂ ಅಂಟಿಕೊಂಡಿತ್ತು.

"ಇದಿಲ್ಲದಿದ್ರೆ ಗಾಜು ತನ್ನ ಜಾಗದಲ್ಲಿ ಕೂರಲ್ಲ. ಕಿಂಡಿಯಲ್ಲಿ ಕಣ್ಣು ಸರಿ ಕಾಣುತ್ತೆ, ಫೋಟೋದಲ್ಲಿ ಫೋಕಸ್ ಕಿವಿ ಮೇಲೆ ಬೀಳುತ್ತೆ."

"ಮಾವ ಕುಣಿಯಲಾರದವಳು ಅಂತ ಆಡ್ಕೊಂಡ್ರು..."

"ಕುಣಿತ ಚೆನ್ನಾಗೇ ಇದೆ. ನೆಲ ನಿಜವಾಗ್ಲೂ ಡೊಂಕಾಗಿತ್ತು ನೋಡಿ."

ನಗಬೇಕಿತ್ತು. ಅವಳಿಗೆ ನಗು ಬರಲಿಲ್ಲ. ಬೂಷ್ಟು ಬರೀ ಗಾಜಿನಲ್ಲಿರಲಿಲ್ಲ, ತನ್ನ ನಾಲಿಗೆಯಲ್ಲೂ ಇತ್ತು. ತನ್ನ ಮೇಲೆಯೇ ಇಷ್ಟು ಹೇಸಿಗೆ ಅವಳಿಗೆಂದೂ ಆಗಿರಲಿಲ್ಲ.

"ನನ್ನ... ಕ್ಷಮಿಸಿ."

"ನಾಲ್ಕೂವರೆ ಆಯ್ತು. ಓಡಿ," ಎಂದ, ಚೌಕಟ್ಟು ಕೂರಿಸಿದ ಕ್ಯಾಮೆರಾ ಅವಳ ಕೈಗಿಡುತ್ತಾ.

* * *

ಪಾಳಿ ಮುಗಿಸಿ ಬಂದ ನರ್ಸಮ್ಮನನ್ನು ಅವಳು ಕೈಹಿಡಿದು ಮತ್ತೆ ಕೂರಿಸಿದಳು. ನಾಲ್ಕೇ ನಾಲ್ಕು ಫೋಟೋ. ಅವರು ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಒಂಚೂರು ಉಜ್ಜಿ ಕೊಡ್ಲಾ ಅಮ್ಮಾ?" ಮಾವ ಕೈ ಹೊಸೆದ.

"ಕೈ ತೆಗಿಯಪ್ಪ! ಮೂವತ್ತೆರಡು ವರ್ಷ ನಿದ್ದೆಗೆಟ್ಟು ಸಂಪಾದಿಸಿದ ಸುಕ್ಕು ಇದು. ಅಳಿಸೋಕೆ ನೀನ್ಯಾರು? ಹೀಗೇ ಕೊಡು."

ಮಾವ ಪೆನ್ನಿಗೆ ಮುಚ್ಚಳ ಹಾಕಿದ. ಕ್ಯಾಮೆರಾದ ಕಪಾಟಿನ ಬೀಗದ ಕೈಯನ್ನು ಅವಳ ಮುಂದೆ ಸರಿಸಿದ. ಅವಳು ಅದನ್ನು ಎತ್ತಿಕೊಂಡವಳೇ ಕ್ಯಾಮೆರಾ ಹೆಗಲಿಗೇರಿಸಿ ಹೊರಗೆ ನಡೆದಳು.

* * *

ಅವನು ಅಂಗಡಿಯ ಬಾಗಿಲು ಅರ್ಧ ಎಳೆದಿದ್ದ. ಅವಳು ಬಗ್ಗಿ ಒಳಗೆ ನುಗ್ಗಿ, ಪ್ಲಾಸ್ಟರ್ ತಲೆಯನ್ನು ಸ್ಟೂಲಿನಿಂದ ಎತ್ತಿ ನೆಲಕ್ಕಿಟ್ಟಳು.

"ಫಲಕದ ಮಾತು ಬಾಕಿಯಿದೆ. ಕೂತ್ಕೊಳ್ಳಿ."

"ನರ್ಸಮ್ಮ ಒಪ್ಪಿದ್ರಾ?"

"ಒಪ್ಪಿದ್ರು. ನೀವು ಮೊದಲು ಕೂತ್ಕೊಳ್ಳಿ."

ಅವನು ಕುಳಿತ. ಅಭ್ಯಾಸದಂತೆ ಬಲಗೆನ್ನೆಯನ್ನು ಮುಂದೆ ಮಾಡಿದ.

"ಆ ಕಡೆಯಲ್ಲ. ಪೂರ್ತಿ ನನ್ನ ಕಡೆ."

"ಎಲ್ಲರಿಗೂ ಈ ಕಡೆಯೇ ತೋರಿಸೋದು... ಚಿಕ್ಕವನಿದ್ದಾಗ ಕುದಿಯೋ ನೀರು ಬಿತ್ತು. ಹತ್ತಿರದಿಂದ ಚೆನ್ನಾಗಿರಲ್ಲ."

"ಆರು ವರ್ಷ ಸಾವಿರಾರು ಮುಖ ಅಳಿಸಿದ್ದೀನಿ. ಅಳಿಸಬಾರದು ಅನ್ನಿಸಿದ ಮುಖ ಇದೊಂದೇ."

ಅವನು ನಿಧಾನವಾಗಿ ತಿರುಗಿದ. ಕಿಂಡಿಯಲ್ಲಿ ಅವನ ಕಣ್ಣು ಎರಡು ಹೋಳಾಗಿ ಕಂಡಿತು. ಅವಳು ಉಂಗುರ ತಿರುಗಿಸಿದಳು. ಕೈ ನಡುಗಿತು... ಹೋಳುಗಳು ಹತ್ತಿರ ಬಂದು, ಮತ್ತೆ ಜಾರಿದವು.

"ಉಸಿರಾಡ್ಬೇಡಿ. ನೀವು ಅಲ್ಲಾಡಿದ್ರೆ ನನ್ನ ಫೋಕಸ್ ಹೋಗುತ್ತೆ."

"ಅಲ್ಲಾಡ್ತಿರೋದು ನಾನಲ್ಲ," ಎಂದ ತುಟಿಯಂಚಿನಲ್ಲಿ. "ನಿಮ್ಮ ಕೈ."

"...ಹೌದು."

"ಯಾಕೆ?"

"ಇಷ್ಟ ಆದವರ ಮುಖ ಇಷ್ಟು ಹತ್ತಿರದಿಂದ ಇವತ್ತೇ ನೋಡ್ತಿರೋದು. ಅದಕ್ಕೆ."

ಅವನ ಕಣ್ಣು ತುಂಬಿತು. ಎರಡು ಹೋಳುಗಳು ಒಂದಾದವು. ಕ್ಲಿಕ್!

"ಈಗ ಉಸಿರಾಡ್ಲಾ?"

"ಆಡಿ. ಆದ್ರೆ ಮುಖ ಮಾತ್ರ ತಿರುಗಿಸ್ಬೇಡಿ."

"ತಿರುಗಿಸಲ್ಲ," ಎಂದ. "ನಿಮ್ಮ ಮುಂದೆ ಇನ್ಯಾವತ್ತೂ ತಿರುಗಿಸಲ್ಲ."